ದಾರಿ ಬಲ್ಲವರಿಗೇ ಗೆಲುವೆ?

ಗಂಟೆ ರಾತ್ರಿ ಹತ್ತೂವರೆ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ಬೈಕಿನಲ್ಲಿ ದಾಟಬೇಕು. ನಕ್ಷೆಯನ್ನಷ್ಟೇ ನಂಬಿ ಬಂದ ಸವಾರ ಮಾದಾವರದ ಬಳಿ ನೈಸ್ ರಸ್ತೆಗೆ ತಿರುಗುತ್ತಾನೆ. ಯಶವಂತಪುರದಲ್ಲೇ ಬೆಳೆದ ಸವಾರ ತಿರುಗುವುದಿಲ್ಲ. ರಾತ್ರಿ 10ರಿಂದ ಬೆಳಗಿನ ಜಾವ 5ರವರೆಗೆ ಅಲ್ಲಿ ದ್ವಿಚಕ್ರ ವಾಹನ ಬಿಡುವುದಿಲ್ಲ ಎಂಬುದು ಅವನಿಗೆ ಗೊತ್ತು. 2022ರ ಜನವರಿಯಲ್ಲಿ ಈ ನಿರ್ಬಂಧ ಬಂದಾಗಿನಿಂದ ಊರಿನವರು ಅದಕ್ಕೆ ಒಗ್ಗಿಹೋಗಿದ್ದಾರೆ. ಹೊರಗಿನವನು ಟೋಲ್ ಗೇಟಿನಿಂದ ವಾಪಸ್ ಬಂದು, ಗೊರಗುಂಟೆಪಾಳ್ಯದ ಲಾರಿಗಳ ನಡುವೆ ದಾರಿ ಮಾಡಿಕೊಳ್ಳುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ.

ಇಬ್ಬರೂ ತಮ್ಮ ಪಾಡಿಗೆ ಹೊರಟವರಾದರೆ ಇದೇನೂ ದೊಡ್ಡ ಸಂಗತಿಯಲ್ಲ. ಆದರೆ ಇಬ್ಬರೂ ಒಂದೇ ಎಂಡ್ಯೂರೆನ್ಸ್ ರ‍್ಯಾಲಿಯಲ್ಲಿ, ಒಂದೇ ಗಡಿಯಾರದ ಲೆಕ್ಕಕ್ಕೆ ಓಡಿಸುತ್ತಿದ್ದರೆ? ಊರಿನವನು ಮುಂದೆ ಬಂದದ್ದು ಸವಾರಿಯ ಬಲದಿಂದಲೋ, ಮನೆ ವಿಳಾಸದ ಬಲದಿಂದಲೋ?

ಉತ್ತರ ಬೆಂಗಳೂರಿಗೆ ಈ ಪ್ರಶ್ನೆ ತೀರ ಹತ್ತಿರದ್ದು. ದೇಶದ ಎರಡು ಉದ್ದನೆಯ ಹೆದ್ದಾರಿಗಳು ಇಲ್ಲಿಂದ ಕೈಗೆಟಕುತ್ತವೆ. ಯಶವಂತಪುರ ದಾಟಿದರೆ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ ಹಾದು ಪುಣೆ, ಮುಂಬೈ, ದೆಹಲಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 48 ಸಿಗುತ್ತದೆ. ಹೆಬ್ಬಾಳ ದಾಟಿದರೆ ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ ಕಳೆದು ಆಂಧ್ರ ಸೇರಿ, ಶ್ರೀನಗರದವರೆಗೂ ಹೋಗುವ ಹೆದ್ದಾರಿ 44. ಭಾನುವಾರ ಬೆಳಕು ಹರಿಯುವ ಮೊದಲೇ ಯಲಹಂಕದ ಮೇಲೆ ಸಾಲುಗಟ್ಟಿ ಹೋಗುವ ಬೈಕುಗಳಲ್ಲಿ ಹೆಚ್ಚಿನವು ನಂದಿ ಬೆಟ್ಟದಿಂದಲೇ ವಾಪಸಾಗುತ್ತವೆ. ಕೆಲವರು ಮಾತ್ರ ಮರುದಿನ ಬೆಳಗಿನವರೆಗೂ ಓಡಿಸಿಯೇ ತೀರುವ ಹಠ ತೊಟ್ಟಿರುತ್ತಾರೆ.

ಸ್ಥಳೀಯ ತಿಳಿವಳಿಕೆಯನ್ನು ಒಂದೇ ಗಂಟಿನಲ್ಲಿ ಕಟ್ಟಿಟ್ಟು ‘ಸರಿ’ ಅಥವಾ ‘ತಪ್ಪು’ ಎಂದು ತೀರ್ಪು ಕೊಡಲಾಗದು. ಅದರಲ್ಲಿ ಜೀವ ಉಳಿಸುವ ತಿಳಿವಳಿಕೆ ಇದೆ, ಅಂಕ ತಂದುಕೊಡುವ ತಿಳಿವಳಿಕೆ ಇದೆ, ವರ್ಷಗಟ್ಟಲೆ ಓಡಿಸಿ ಮೈಗೂಡಿದ ತಿಳಿವಳಿಕೆಯೂ ಇದೆ. ಮೊದಲನೆಯದನ್ನು ಎಲ್ಲರಿಗೂ ಹಂಚಬೇಕು. ಎರಡನೆಯದನ್ನು ಯಾರಿಗೂ ಮೊದಲೇ ಕೊಡಬಾರದು. ಮೂರನೆಯದನ್ನು ಯಾರಿಂದಲೂ ಕಿತ್ತುಕೊಳ್ಳಬಾರದು. ಈ ಸೂತ್ರ ಎಲ್ಲಿ, ಹೇಗೆ ಅನ್ವಯಿಸುತ್ತದೆ ಎಂಬುದು ಸ್ಪರ್ಧೆಯ ಬಗೆಯನ್ನು ಅವಲಂಬಿಸಿದೆ. ಹಾಗಾಗಿ ಮೊದಲು ಸ್ಪರ್ಧೆಗಳನ್ನೇ ನೋಡೋಣ.

24 ಗಂಟೆ, 1,609 ಕಿಲೋಮೀಟರ್

ದೂರದ ಸವಾರರ ಬಾಯಲ್ಲಿ ಸದಾ ಇರುವ ಹೆಸರು ‘ಸ್ಯಾಡಲ್‌ಸೋರ್’. ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ರೂಪಿಸಿದ ಸವಾಲು ಇದು. 24 ಗಂಟೆಯೊಳಗೆ 1,000 ಮೈಲಿ, ಅಂದರೆ 1,609 ಕಿ.ಮೀ. ಓಡಿಸಬೇಕು. ಯಶವಂತಪುರದಿಂದ ಪುಣೆಯತನಕ ಹೋಗಿ ಬಂದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಇಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಎಂಬುದಿಲ್ಲ. ದಾರಿಯನ್ನು ಸವಾರರೇ ಆಯ್ದುಕೊಳ್ಳುತ್ತಾರೆ. ಮುಗಿಸಿ ಸಾಕ್ಷ್ಯ ಕೊಟ್ಟವರಿಗೆಲ್ಲ ಒಂದೇ ಪ್ರಮಾಣಪತ್ರ.

ಕೇಳಲು ಸಲೀಸು, ಲೆಕ್ಕ ಹಾಕಿದರೆ ಬಿಗಿ. ಚತುಷ್ಪಥ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಕ್ಕೆ ಕೇಂದ್ರ ಸರ್ಕಾರ 2018ರ ಅಧಿಸೂಚನೆಯಲ್ಲಿ ನಿಗದಿ ಮಾಡಿದ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಒಂದು ಕ್ಷಣವೂ ನಿಧಾನಿಸದೆ ಅದೇ ವೇಗದಲ್ಲಿ ಓಡಿಸಿದರೂ 1,609 ಕಿ.ಮೀ.ಗೆ 20 ಗಂಟೆ ದಾಟುತ್ತದೆ. ಪೆಟ್ರೋಲು, ಊಟ, ನಿದ್ದೆ, ಊರೊಳಗಿನ ಟ್ರಾಫಿಕ್, ಪಂಕ್ಚರ್ ಎಲ್ಲಕ್ಕೂ ಸೇರಿ ಉಳಿಯುವುದು ನಾಲ್ಕು ಗಂಟೆಗಿಂತ ಕಡಿಮೆ. ಇಂಥ ಕಡೆ ದಾರಿ ತಪ್ಪಿ ಕಳೆದ ಅರ್ಧ ಗಂಟೆಯನ್ನು ತುಂಬಿಕೊಳ್ಳಲು ಸವಾರನ ಮುಂದಿರುವುದು ಎರಡೇ ಉಪಾಯ: ನಿದ್ದೆಗೆ ಕತ್ತರಿ ಹಾಕುವುದು, ಇಲ್ಲವೇ ವೇಗದ ಮಿತಿ ಮೀರುವುದು. ಅಂದರೆ ದಾರಿ ಗೊತ್ತಿಲ್ಲದಿರುವುದರ ಬೆಲೆಯನ್ನು ಕೊನೆಗೆ ತೆರುವುದು ದೇಹ. ನ್ಯಾಯದ ಪ್ರಶ್ನೆ ಸುರಕ್ಷತೆಯ ಪ್ರಶ್ನೆಯೂ ಆಗುವುದು ಹೀಗೆ.

ಇನ್ನು ಸಾಕ್ಷ್ಯದ ಮಾತು. ಎಲ್ಲಿ, ಯಾವಾಗ ಇದ್ದಿರಿ ಎಂಬುದಕ್ಕೆ ಮುದ್ರಿತ ರಸೀದಿ ಬೇಕು. ಕಾರಿನವರಿಗಾದರೆ ಟೋಲ್ ದಾಖಲೆ ಇರುತ್ತದೆ. ರಾಷ್ಟ್ರೀಯ ಹೆದ್ದಾರಿ ಟೋಲ್‌ಗಳಲ್ಲಿ ಬೈಕಿಗೆ ಶುಲ್ಕವೇ ಇಲ್ಲ, ಹಾಗಾಗಿ ಗುರುತೂ ಉಳಿಯುವುದಿಲ್ಲ. ಇಡೀ ಭಾರ ಪೆಟ್ರೋಲ್ ಬಂಕಿನ ಬಿಲ್ಲಿನ ಮೇಲೆ ಬೀಳುತ್ತದೆ. ನಸುಕಿನ ಮೂರು ಗಂಟೆಗೆ ರಾಣೆಬೆನ್ನೂರಿನ ಆಚೆಯ ಒಂದು ಬಂಕನ್ನು ಊಹಿಸಿಕೊಳ್ಳಿ. ಪೆಟ್ರೋಲು ಹಾಕಿದ ಹುಡುಗ, ‘ಬಿಲ್ ರೋಲ್ ಖಾಲಿ ಆಗೈತ್ರಿ, ಬರದ್ ಕೊಡ್ತೀನ್ರಿ’ ಅನ್ನುತ್ತಾನೆ. ಕೈಬರಹದ ಚೀಟಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಬೆಂಗಳೂರಿನ ಸವಾರ, ‘ಆ ಕಡೆ ಪಂಪಲ್ಲೂ ಮಷೀನ್ ಇದ್ಯಲ್ಲ ಅಣ್ಣ, ಆ ರೋಲ್ ಹಾಕಿ ತೆಗೆದುಕೊಡಿ, ಟೈಮ್ ಸರಿ ಬಂದಿದ್ಯಾ ನೋಡ್ತೀನಿ’ ಎಂದು ನಗುನಗುತ್ತಲೇ ಕೆಲಸ ಮುಗಿಸಿಕೊಳ್ಳುತ್ತಾನೆ. ಭಾಷೆ ಬಾರದವನು ಕೈಸನ್ನೆ ಮಾಡಿ ಸೋತು, ಎಟಿಎಂ ಚೀಟಿಯಾದರೂ ಸಿಗಲೆಂದು ಊರೊಳಗೆ ಹೋಗುತ್ತಾನೆ. ಭಾಷೆಯೂ ಸ್ಥಳೀಯ ತಿಳಿವಳಿಕೆಯೇ.

ಆದರೂ ಸ್ಯಾಡಲ್‌ಸೋರ್‌ನಲ್ಲಿ ಅನ್ಯಾಯವಾಯಿತು ಎಂದು ಯಾರೂ ದೂರುವುದಿಲ್ಲ. ಒಬ್ಬರಿಗೆ ಸಿಕ್ಕ ಅನುಕೂಲ ಇನ್ನೊಬ್ಬರ ಪ್ರಮಾಣಪತ್ರವನ್ನು ಕಸಿಯುವುದಿಲ್ಲ. ರ‍್ಯಾಂಕ್ ಬಂತೆಂದರೆ ಮಾತ್ರ ಮಾತು ಬೇರೆ. ಇದೇ ಸಂಸ್ಥೆ ಎರಡು ವರ್ಷಕ್ಕೊಮ್ಮೆ ನಡೆಸುವ ಹನ್ನೊಂದು ದಿನಗಳ ಐರನ್ ಬಟ್ ರ‍್ಯಾಲಿ ಅಂಕಗಳ ಆಟ. ಅಮೆರಿಕದುದ್ದಕ್ಕೂ ಚದುರಿದ ನಿಗದಿತ ಜಾಗಗಳನ್ನು ಮುಟ್ಟಿ ಫೋಟೊ ತೆಗೆದು ಅಂಕ ಕೂಡಿಸಬೇಕು. ಆ ಜಾಗಗಳ ಪುಸ್ತಕ ಸವಾರರ ಕೈಗೆ ಬರುವುದು ಹೊರಡುವ ಹೊತ್ತು ಹತ್ತಿರವಾದ ಮೇಲೆಯೇ. ತನ್ನ ಮನೆ ಹಿಂದಿನ ಬೀದಿಯೇ ಪಟ್ಟಿಯಲ್ಲಿದ್ದರೂ ಅದು ಮುಂಚಿತವಾಗಿ ಯಾರಿಗೂ ಗೊತ್ತಿರುವುದಿಲ್ಲ. ಅಲ್ಲಿ ದಾಖಲೆ ಸಮೇತ ತೆಗೆದುಕೊಂಡ ವಿಶ್ರಾಂತಿಗೂ ಅಂಕವಿದೆ. ನಿದ್ದೆಗೆಟ್ಟವನಿಗೆ ಲಾಭವಾಗಬಾರದು ಎಂಬ ಎಚ್ಚರ ಅದು.

ಭಾರತದ ಕ್ಲಬ್ಬುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಟಿಎಸ್‌ಡಿ, ಅಂದರೆ ಟೈಮ್-ಸ್ಪೀಡ್-ಡಿಸ್ಟನ್ಸ್ ರ‍್ಯಾಲಿ. ಇಲ್ಲಿ ವೇಗ ಮುಖ್ಯವಲ್ಲ. ಕೊಟ್ಟ ಸರಾಸರಿ ವೇಗ ಕಾಯ್ದುಕೊಂಡು, ದಾರಿಯ ತಿರುವುಗಳನ್ನು ಕ್ರಮವಾಗಿ ಬರೆದ ರೋಡ್‌ಬುಕ್ ಹೇಳಿದಂತೆ ತಿರುಗುತ್ತ, ಗುಟ್ಟಾಗಿಟ್ಟ ತಪಾಸಣೆ ಜಾಗಗಳಿಗೆ ಸರಿಯಾದ ಸೆಕೆಂಡಿಗೆ ತಲುಪಬೇಕು. ಬೇಗ ಬಂದರೂ ದಂಡ, ತಡವಾದರೂ ದಂಡ. ಯಲಹಂಕದಿಂದ ರಾಜಾನುಕುಂಟೆ, ದೊಡ್ಡಬಳ್ಳಾಪುರದ ಕಡೆ ರೈಲು ಹಳಿ ರಸ್ತೆಯ ಜತೆಜತೆಗೇ ಸಾಗುತ್ತದೆ. ಹಳ್ಳಿಯ ದಾರಿಗೆ ತಿರುಗಿದಾಗ ಗೇಟ್ ಬಿದ್ದಿತೆಂದರೆ ಅಂದಿನ ಲೆಕ್ಕವೆಲ್ಲ ತಲೆಕೆಳಗು. ಯಾವ ಹೊತ್ತಿಗೆ ಯಾವ ಗಾಡಿ ಎಂದು ಬಲ್ಲವನು ಆ ತುಂಡನ್ನು ತುಸು ಮುಂಚೆಯೇ ದಾಟುವ ಹಾಗೆ ನೋಡಿಕೊಳ್ಳುತ್ತಾನೆ.

ಯಾವುದು ಎಲ್ಲರಿಗೆ, ಯಾವುದು ಯಾರಿಗೂ ಅಲ್ಲ

ಈಗ ತಿಳಿವಳಿಕೆಯನ್ನು ಬಿಡಿಸಿ ನೋಡೋಣ. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧ ಬಂದದ್ದು 2009ರಲ್ಲಿ. ಗುಂಡ್ಲುಪೇಟೆ ದಾಟಿ ಚೆಕ್‌ಪೋಸ್ಟಿಗೆ ಐದು ನಿಮಿಷ ತಡವಾಗಿ ಬಂದ ಸವಾರ ಒಂಬತ್ತು ಗಂಟೆ ಕೂರಬೇಕು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಅವಕಾಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಎರಡು ವರ್ಷಕ್ಕೊಮ್ಮೆ ಫೆಬ್ರುವರಿಯಲ್ಲಿ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವಾಗ ಬಳ್ಳಾರಿ ರಸ್ತೆಯ ಸಂಚಾರ ವ್ಯವಸ್ಥೆಯೇ ಬದಲಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಕೇಬಲ್ ದೋಷ ಕಂಡುಬಂದು ಪೀಣ್ಯದ ಮೇಲ್ಸೇತುವೆ ಮುಚ್ಚಿತು. ನವೆಂಬರ್‌ನಲ್ಲಿ ಬರೆದ ರೋಡ್‌ಬುಕ್ ಜನವರಿಯಲ್ಲಿ ಸುಳ್ಳಾಗುವುದಕ್ಕೆ ಅದೊಂದು ಉದಾಹರಣೆ ಸಾಕು.

ಇನ್ನೂ ಗಂಭೀರವಾದದ್ದಿದೆ. ನಾಲ್ಕು ಪಥದಲ್ಲಿ ನಿರಾಳವಾಗಿ ಬಂದ ಹೆದ್ದಾರಿ ಹುಬ್ಬಳ್ಳಿ-ಧಾರವಾಡ ಬೈಪಾಸ್‌ನಲ್ಲಿ ವರ್ಷಗಟ್ಟಲೆ ಇದ್ದಕ್ಕಿದ್ದಂತೆ ಎರಡೇ ಪಥಕ್ಕೆ ಇಳಿಯುತ್ತಿತ್ತು, ನಡುವೆ ವಿಭಜಕವೂ ಇರಲಿಲ್ಲ. 2021ರ ಜನವರಿಯಲ್ಲಿ ಗೋವಾ ಪ್ರವಾಸಕ್ಕೆ ಹೊರಟಿದ್ದ ದಾವಣಗೆರೆಯ ಮಹಿಳೆಯರ ವಾಹನ ಅಪಘಾತಕ್ಕೀಡಾಗಿ ಹತ್ತಕ್ಕೂ ಹೆಚ್ಚು ಜನ ಸತ್ತದ್ದು ಆ ಬೈಪಾಸ್‌ನಲ್ಲೇ. ಆ ಭಾಗದವರು ಅಲ್ಲಿಗೆ ಬರುವ ಮೊದಲೇ ಕೈ ಬಿಗಿ ಮಾಡಿಕೊಳ್ಳುತ್ತಿದ್ದರು. ಕತ್ತಲಲ್ಲಿ ಮೊದಲ ಸಲ ಬಂದವರಿಗೆ ಯಾರು ಹೇಳಬೇಕು?

ಇವೆಲ್ಲ ಮೊದಲ ಗುಂಪಿಗೆ ಸೇರಿದವು. ಇಂಥ ಮಾಹಿತಿಯನ್ನು ಗುಟ್ಟಾಗಿ ಇಟ್ಟುಕೊಂಡು ಗೆದ್ದವನನ್ನು ಜಾಣ ಎನ್ನಬಹುದೇ ಹೊರತು ಉತ್ತಮ ಸವಾರ ಎನ್ನಲಾಗದು. ಸಂಘಟಕರು ಹೇಳದೇ ಬಿಟ್ಟರೆ ತಪ್ಪು ಇನ್ನೂ ದೊಡ್ಡದು.

ಎರಡನೇ ಗುಂಪಿನದು ಬೇರೆ ಸ್ವಭಾವ. ತಪಾಸಣೆ ಜಾಗ ಎಲ್ಲಿದೆ, ಯಾವ ಕೂಡುರಸ್ತೆಯಲ್ಲಿ ಗೊಂದಲಗೊಳಿಸುವ ತಿರುವು ಇಟ್ಟಿದ್ದಾರೆ, ದಾರಿಬದಿಯ ಯಾವ ಫಲಕದಿಂದ ಪ್ರಶ್ನೆ ಕೇಳುತ್ತಾರೆ ಎಂಬುದರಿಂದ ಯಾರ ಜೀವವೂ ಉಳಿಯುವುದಿಲ್ಲ, ಅಂಕ ಮಾತ್ರ ಬರುತ್ತದೆ. ಬೆಂಗಳೂರಿನ ಬೈಕ್ ಬಳಗ ಚಿಕ್ಕದು. ಇವತ್ತಿನ ಸ್ಪರ್ಧಿ ನಾಳಿನ ಸ್ವಯಂಸೇವಕ. ಆರ್.ಟಿ. ನಗರದ ಗ್ಯಾರೇಜಿನಲ್ಲಿ ಚೈನ್ ಬಿಗಿ ಮಾಡಿಸುತ್ತ ಕೂತಾಗ, ‘ಈ ಸಲ ಘಾಟಿ ಸುಬ್ರಹ್ಮಣ್ಯದ ಹಿಂದಿನ ರಸ್ತೆಯಂತೆ’ ಎಂಬ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಮುಂದಿನ ಭಾನುವಾರ ಅಲ್ಲಿ ಮೂರು ಬೈಕು ‘ಸುಮ್ಮನೆ’ ಓಡಾಡುತ್ತವೆ. ದೂರದ ಕಲಬುರಗಿಯಿಂದಲೋ ಕೊಚ್ಚಿಯಿಂದಲೋ ಬರುವವರಿಗೆ ಆ ಭಾನುವಾರ ಸಿಗುವುದಿಲ್ಲ.

ಮೂರನೆಯದು ಅನುಭವ. ಸುಗ್ಗಿಯಲ್ಲಿ ದೊಡ್ಡಬಳ್ಳಾಪುರ, ಗೌರಿಬಿದನೂರು ಕಡೆಯ ಹಳ್ಳಿ ರಸ್ತೆಗಳ ಮೇಲೆ ರಾಗಿ, ಹುರುಳಿ ಹಾಸಿ ಒಕ್ಕಣೆ ಮಾಡುತ್ತಾರೆ. ಒಣಗಿದ ಸೊಪ್ಪಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ಬಳ್ಳಿ ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ. ‘ಡಿಸೆಂಬರ್, ಜನವರಿಯಲ್ಲಿ ಒಕ್ಕಣೆ ಇರುತ್ತದೆ, ಎಚ್ಚರ’ ಎಂದು ಎಲ್ಲರಿಗೂ ಹೇಳಬಹುದು, ಹೇಳಲೇಬೇಕು. ಆದರೆ ಸೊಪ್ಪಿನ ಮೇಲೆ ಬ್ರೇಕ್ ಮುಟ್ಟದೆ, ಗಾಡಿಯನ್ನು ನೆಟ್ಟಗಿಟ್ಟು ದಾಟಿಸುವ ಹದವನ್ನು ಕಾಗದದಲ್ಲಿ ಹಂಚಲು ಬರುವುದಿಲ್ಲ. ಚಿತ್ರದುರ್ಗದ ಬಯಲಿನ ಅಡ್ಡಗಾಳಿಗೆ ಮೈ ಒರಗಿಸುವುದೂ ಹಾಗೆಯೇ. ಇದನ್ನು ‘ಸ್ಥಳೀಯರ ಅನುಕೂಲ’ ಎಂದು ಕಡಿತ ಮಾಡಹೊರಟರೆ ನೈಪುಣ್ಯವನ್ನೇ ಕಡಿತ ಮಾಡಿದಂತೆ.

ಜಗತ್ತು ಕಂಡುಕೊಂಡ ಉಪಾಯ

ಈ ತಕರಾರು ಹೊಸದಲ್ಲ. ಪೂರ್ವ ಆಫ್ರಿಕಾದಲ್ಲಿ 1953ರಲ್ಲಿ ಶುರುವಾದ ಸಫಾರಿ ರ‍್ಯಾಲಿ ಕಾರುಗಳದ್ದಾದರೂ ಇದಕ್ಕಿಂತ ಒಳ್ಳೆಯ ಪಾಠ ಇನ್ನೆಲ್ಲೂ ಸಿಗದು. ಸಾವಿರಾರು ಕಿಲೋಮೀಟರ್ ಕೆಂಪು ಮಣ್ಣು, ಮಳೆ ಬಂದರೆ ಕೆಸರು, ಎದುರಿಗೆ ಕಾಡುಪ್ರಾಣಿ. ಸುಮಾರು ಎರಡು ದಶಕ ಗೆಲುವು ಅಲ್ಲಿನ ನಿವಾಸಿಗಳ ಕೈಬಿಟ್ಟು ಹೋಗಲಿಲ್ಲ. ಕೆನ್ಯಾದ ಸಿಖ್ಖರಾದ ಜೋಗಿಂದರ್ ಸಿಂಗ್ 1965ರಲ್ಲಿ ಹಳೆಯ ವೋಲ್ವೊ ಓಡಿಸಿ ಗೆದ್ದರು, 1974 ಮತ್ತು 1976ರಲ್ಲಿ ಮತ್ತೆ ಗೆದ್ದರು. ಹೊರದೇಶದವರೊಬ್ಬರು ಮೊದಲ ಬಾರಿ ಗೆದ್ದದ್ದು 1972ರಲ್ಲಿ, ಫಿನ್ಲೆಂಡಿನ ಹನ್ನು ಮಿಕ್ಕೊಲ.

ಹೊರಗಿನವರು ಗೆಲ್ಲತೊಡಗಿದ್ದು ಹೇಗೆ ಎಂಬುದನ್ನು ಗಮನಿಸಬೇಕು. ದೊಡ್ಡ ಕಾರು ಕಂಪನಿಗಳು ವಾರಗಟ್ಟಲೆ ಮುಂಚೆ ಬಂದು ದಾರಿ ಅಭ್ಯಾಸ ಮಾಡಿದವು. ಮುಂದೆ ಹೆಲಿಕಾಪ್ಟರಿನಲ್ಲಿ ಕೂತು ಎದುರಿನ ದನ, ಲಾರಿ ನೋಡಿ ರೇಡಿಯೊದಲ್ಲಿ ಹೇಳುವ ವ್ಯವಸ್ಥೆಯೂ ಬಂತು. ಅಂದರೆ ಸ್ಥಳೀಯ ತಿಳಿವಳಿಕೆ ದುಡ್ಡಿಗೂ ಸಿಗುತ್ತದೆ. ನಮ್ಮ ವಾದಗಳಲ್ಲಿ ಹೆಚ್ಚಾಗಿ ಮರೆತುಹೋಗುವ ಸಂಗತಿ ಇದು. ಯಲಹಂಕದ ಮೆಕ್ಯಾನಿಕ್ ಒಬ್ಬನಿಗೆ ಹುಟ್ಟೂರಿನಿಂದ ಬಂದ ಅನುಕೂಲ ಬಿಟ್ಟಿಯದು, ಚಿಕ್ಕದು. ಹದಿನೈದು ದಿನ ಮುಂಚೆ ಜೀಪು, ಆಳು ಕಳಿಸಿ ಇಡೀ ದಾರಿ ಅಳೆಯಿಸುವ ತಂಡದ ಅನುಕೂಲ ದೊಡ್ಡದು, ಅದು ದುಡ್ಡಿದ್ದವರ ಪಾಲಿನದು. ನಿಯಮದ ಬಿಸಿ ಮೊದಲು ತಟ್ಟಬೇಕಾದದ್ದು ಎರಡನೆಯದಕ್ಕೆ.

ಪರಿಹಾರವಾಗಿ ಎರಡು ದಾರಿ ರೂಪುಗೊಂಡಿವೆ. ಒಂದು, ಎಲ್ಲರಿಗೂ ತೋರಿಸುವುದು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುತ್ತ ಬಂದ ಕೆ-1000ನಂಥ ವೇಗದ ರ‍್ಯಾಲಿಗಳಲ್ಲಿ ‘ರೆಕ್ಕಿ’ಗೆಂದೇ ಸಮಯ ನಿಗದಿಯಾಗಿರುತ್ತದೆ. ಎಲ್ಲ ತಂಡಗಳೂ ನಿಯಮಿತ ವೇಗದಲ್ಲಿ ದಾರಿ ನೋಡಿ, ತಿರುವು ತಿರುವಿಗೂ ಟಿಪ್ಪಣಿ ಬರೆದುಕೊಳ್ಳುತ್ತವೆ. ದಾರಿ ಚಿಕ್ಕದಿದ್ದರೆ ಇದು ಸಾಧ್ಯ. ಸಾವಿರಾರು ಕಿಲೋಮೀಟರಿಗೆ ಸಾಧ್ಯವಿಲ್ಲ.

ಎರಡನೆಯದು, ಯಾರಿಗೂ ತೋರಿಸದಿರುವುದು. ಡಕಾರ್ ರ‍್ಯಾಲಿಯ ಮಾರ್ಗ ಇದು. ಕನ್ನಡಿಗರಿಗೆ ಡಕಾರ್ ಅಪರಿಚಿತವಲ್ಲ. ಅದನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ ಅವರಿಗೆ 36ನೇ ಸ್ಥಾನ. ಬಿಗ್ ಬಾಸ್ ಮನೆಯಲ್ಲಿ ನಾಡಿಗೆಲ್ಲ ಪರಿಚಿತರಾದ ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ 37ನೆಯವರಾಗಿ ಮುಗಿಸಿದರು. ಡಕಾರ್ ಮರುಭೂಮಿಯ ಸ್ಪರ್ಧೆ, ಇಬ್ಬರ ಊರಿನಲ್ಲೂ ಮರಳುಗುಡ್ಡವಿಲ್ಲ. ಡಕಾರ್‌ನಲ್ಲಿ ಹಿಂದೆ ಮರುದಿನದ ರೋಡ್‌ಬುಕ್ ಹಿಂದಿನ ಸಂಜೆಯೇ ಕೈಸೇರುತ್ತಿತ್ತು. ಒಂಟಿ ಸವಾರ ದಣಿದ ಮೈಯಲ್ಲಿ ಕೂತು ಬಣ್ಣದ ಪೆನ್ನಿನಿಂದ ಗುರುತು ಹಾಕಿಕೊಳ್ಳುತ್ತಿದ್ದ. ಶ್ರೀಮಂತ ತಂಡಗಳಲ್ಲಿ ಉಪಗ್ರಹ ಚಿತ್ರ ನೋಡಿ ದಾರಿ ಬಿಡಿಸಲೆಂದೇ ಸಂಬಳದ ನಕ್ಷೆ ತಜ್ಞರಿದ್ದರು. ತಾವೂ ಹಿಂದೆ ಬೈಕಿನಲ್ಲಿ ಡಕಾರ್ ಓಡಿಸಿದ್ದ ನಿರ್ದೇಶಕ ಡೇವಿಡ್ ಕಾಸ್ಟೆರಾ ಇದಕ್ಕೆ ಕಡಿವಾಣ ಹಾಕಿದರು. 2020ರಲ್ಲಿ ಕೆಲವು ಹಂತಗಳಿಗೆ, 2021ರಿಂದ ಎಲ್ಲ ಹಂತಗಳಿಗೂ, ಬಣ್ಣ ಹಾಕಿದ ರೋಡ್‌ಬುಕ್ ಹೊರಡುವ ಮುನ್ನವಷ್ಟೇ ಕೈಗೆ ಬರತೊಡಗಿತು.

ಇಲ್ಲೊಂದು ಸೂಕ್ಷ್ಮವಿದೆ. ಆ ರೋಡ್‌ಬುಕ್ ದಾರಿಯ ಗುಟ್ಟನ್ನು ಕೊನೆಯವರೆಗೂ ಕಾಪಾಡುತ್ತದೆ, ಅಪಾಯವನ್ನು ಮಾತ್ರ ಮುಚ್ಚಿಡುವುದಿಲ್ಲ. ಎಲ್ಲಿ ಹಳ್ಳ, ಎಲ್ಲಿ ಕಡಿದಾದ ಇಳಿಜಾರು ಎಂಬುದನ್ನು ತೀವ್ರತೆಗೆ ತಕ್ಕಂತೆ ಒಂದು, ಎರಡು, ಮೂರು ಆಶ್ಚರ್ಯಸೂಚಕ ಹಾಕಿ ತೋರಿಸುತ್ತದೆ. ಮೂರು ಚಿಹ್ನೆ ಕಂಡರೆ ವೇಗ ಇಳಿಸಲೇಬೇಕು ಎಂದು ಎಲ್ಲರಿಗೂ ಗೊತ್ತು. ಗೆಲುವಿನ ತಿಳಿವಳಿಕೆ ಯಾರಿಗೂ ಮೊದಲಿಲ್ಲ, ಜೀವದ ತಿಳಿವಳಿಕೆ ಎಲ್ಲರಿಗೂ ಒಟ್ಟಿಗೆ. ನಾವು ಕಲಿಯಬೇಕಾದದ್ದು ಈ ವಿಂಗಡಣೆ.

ಇಲ್ಲಿ ಏನು ಮಾಡಬಹುದು

ನಮ್ಮ ಊರಿನ ಕ್ಲಬ್ಬುಗಳಿಗೆ ಡಕಾರ್‌ನ ಖಜಾನೆ ಇಲ್ಲ, ಬೇಕಾಗಿಯೂ ಇಲ್ಲ. ಮೊದಲ ಕೆಲಸ ಒಂದು ಹಾಳೆಯದು. ರಾತ್ರಿ ನಿಷೇಧ, ಬೈಕಿಗೆ ಬಿಡದ ರಸ್ತೆ, ಕಾಮಗಾರಿ, ಗುರುತಿಲ್ಲದ ಹಂಪ್ಸ್, ಬೆಳಗಿನ ಮಂಜು ಕವಿಯುವ ದೇವನಹಳ್ಳಿಯಂಥ ಜಾಗ, ರಾತ್ರಿಯಿಡೀ ತೆರೆದಿರುವ ಬಂಕು, ಹತ್ತಿರದ ಆಸ್ಪತ್ರೆ: ಇಷ್ಟನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬರೆದು ಎಲ್ಲ ಸ್ಪರ್ಧಿಗಳಿಗೂ ಹಿಂದಿನ ದಿನವೇ ಕೊಡಬೇಕು. ಒಬ್ಬ ಸ್ವಯಂಸೇವಕ ಆ ವಾರದಲ್ಲೇ ಇಡೀ ದಾರಿ ಓಡಿಸಿ ಅದನ್ನು ತಾಳೆ ನೋಡಿರಬೇಕು.

ಎರಡನೆಯದು, ದಾರಿ ರೂಪಿಸಿದವರು ಮತ್ತು ಅವರ ಮನೆಯವರು ಆ ವರ್ಷ ಸ್ಪರ್ಧಿಸಬಾರದು. ರೋಡ್‌ಬುಕ್ ಹೊರಡುವ ಜಾಗದಲ್ಲಿ ಎಲ್ಲರಿಗೂ ಒಂದೇ ಅಂತರದಲ್ಲಿ ಸಿಗಬೇಕು. ಮೂರನೆಯದು, ಯಶವಂತಪುರದಿಂದ ನೆಲಮಂಗಲ, ಹೆಬ್ಬಾಳದಿಂದ ದೇವನಹಳ್ಳಿವರೆಗಿನ ತುಂಡನ್ನು ಸ್ಪರ್ಧೆಯಿಂದ ಹೊರಗಿಟ್ಟು ಧಾರಾಳ ಸಮಯ ಕೊಡಬೇಕು. ಗೊರಗುಂಟೆಪಾಳ್ಯದ ಸಿಗ್ನಲ್ ದಾಟುವ ಚಾತುರ್ಯ ಸವಾರಿಯ ಪರೀಕ್ಷೆ ಆಗಬೇಕಿಲ್ಲ. ನಗರದೊಳಗೆ ಗಡಿಯಾರದ ಒತ್ತಡ ಹಾಕುವುದು ಉಳಿದ ಜನರಿಗೂ ಅಪಾಯ. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದ ವೇಗದ ಪೈಪೋಟಿ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ ಎಂಬುದನ್ನೂ ನೆನಪಿಡಬೇಕು. ನಾಲ್ಕನೆಯದು, ವಿಶ್ರಾಂತಿ ಕಡ್ಡಾಯವಾಗಬೇಕು, ಅದರ ಅವಧಿ ಎಲ್ಲರಿಗೂ ಒಂದೇ ಇರಬೇಕು. ದಾರಿ ತಪ್ಪಿದವನು ಕಳೆದ ಸಮಯವನ್ನು ನಿದ್ದೆಯಿಂದ ಕದಿಯುವ ಅವಕಾಶ ಆಗ ಇರುವುದಿಲ್ಲ.

ಸ್ಥಳೀಯರಿಗೆ ಅಂಕ ಕಡಿತ ಮಾಡಿ ಸರಿದೂಗಿಸಬಾರದೇ ಎಂದು ಕೇಳುವವರಿದ್ದಾರೆ. ಗೆರೆ ಎಲ್ಲಿ ಎಳೆಯುವುದು? ಯಲಹಂಕದವನಿಗೆ ತುಮಕೂರು ಸ್ಥಳೀಯವೇ? ಹಾವೇರಿಯಿಂದ ಬಂದು ಹೆಬ್ಬಾಳದಲ್ಲಿ ನೆಲೆಸಿದವನಿಗೆ ಎರಡು ಊರಿನ ಕಡಿತವೇ? ಇದಕ್ಕಿಂತ ಒಳ್ಳೆಯ ಉಪಾಯ ಕ್ರಿಕೆಟ್‌ನಲ್ಲಿದೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಿಗುವ ತವರಿನ ಲಾಭ ಎದುರಾಳಿಯ ಊರಿಗೆ ಹೋದಾಗ ತೀರುತ್ತದೆ. ರ‍್ಯಾಲಿ ವರ್ಷಕ್ಕೊಮ್ಮೆ, ಅದೂ ಪ್ರತಿ ಸಲ ಬೆಂಗಳೂರಿನಿಂದಲೇ ಹೊರಟರೆ ಆ ಲೆಕ್ಕ ಎಂದೂ ಸಮವಾಗದು. ಒಂದು ವರ್ಷ ಬೆಳಗಾವಿಯಿಂದ, ಇನ್ನೊಂದು ವರ್ಷ ಮಂಗಳೂರಿನಿಂದ, ಮತ್ತೊಂದು ವರ್ಷ ಕಲಬುರಗಿಯಿಂದ ಹೊರಡಲಿ. ಶಿರಾಡಿ ಘಾಟಿಯ ಮಳೆಯಲ್ಲಿ ಬೆಂಗಳೂರಿನವರು ಹೊರಗಿನವರಾಗಲಿ.

ರ‍್ಯಾಲಿ ನ್ಯಾಯವಾಗಿ ನಡೆಯಿತೇ ಎಂದು ಗೆದ್ದವರನ್ನು ಕೇಳಿ ಪ್ರಯೋಜನವಿಲ್ಲ. ದೂರದಿಂದ ಬಂದು ಹಿಂದೆ ಬಿದ್ದವರನ್ನು ಕೇಳಬೇಕು. ‘ಅವರು ನನಗಿಂತ ಚೆನ್ನಾಗಿ ಓಡಿಸಿದರು’ ಎಂದು ಅವರು ಹೇಳಿದರೆ ಸ್ಥಳೀಯರ ಗೆಲುವಿಗೆ ಯಾವ ಕಳಂಕವೂ ಇಲ್ಲ. ‘ಆ ರಸ್ತೆ ರಾತ್ರಿ ಮುಚ್ಚುತ್ತದೆ ಎಂದು ನನಗೆ ಯಾರೂ ಹೇಳಲಿಲ್ಲ’ ಎಂದರೆ, ಸೋತವರು ಸಂಘಟಕರು.